ಕೈಗೆ ಸಿಗುವ ಕಡೆ ಮುರಿಯಲಿ

ಕೊಡಚಾದ್ರಿಯ ದಾರಿಯಲ್ಲಿ ನಮ್ಮ ಸೋದರಮಾವನ ಜೀಪು ಅರ್ಧಕ್ಕೆ ನಿಂತದ್ದನ್ನು ನಾನು ಕಂಡದ್ದು ಒಂದೇ ಸಲ. ಅದೂ ಅವನ ಜೀಪು ಕೆಟ್ಟದ್ದಕ್ಕಲ್ಲ, ಮುಂದೆ ಹೋಗುತ್ತಿದ್ದ ಜೀಪು ತಿರುವಿನಲ್ಲಿ ಕೂತುಬಿಟ್ಟದ್ದಕ್ಕೆ. ಆ ಮುಂದಿನ ಜೀಪು ಅವನ ಸ್ವಂತ ಮಗನದ್ದು. ಅಪ್ಪ ಮಗ ಇಬ್ಬರೂ ಅದರ ಹಿಂದಿನ ಮಳೆಗಾಲ ಪೂರ್ತಿ ಜೀಪಿನ ವಿಷಯಕ್ಕೇ ಮಾತು ಬಿಡುವಷ್ಟು ಜಗಳ ಮಾಡಿದ್ದರು ಅಂದರೆ ಅರ್ಧ ಕಥೆ ಹೇಳಿದ ಹಾಗಾಯಿತು. ಉಳಿದರ್ಧದಲ್ಲಿ ನಟ್ಟು ಬೋಲ್ಟಿನ ಮಾತು ಸ್ವಲ್ಪ ಜಾಸ್ತಿ. ಒಲೆಗೆ ಇನ್ನೊಂದು ಕುಂಟೆ ತಳ್ಳಿ, ಹೇಳುತ್ತೇನೆ.

1990ರ ದಶಕದ ಮಾತು. ಕೊಲ್ಲೂರಿಗೆ ಬಂದ ಭಕ್ತರಲ್ಲಿ, ಅದರಲ್ಲೂ ಕೇರಳದಿಂದ ಬಂದವರಲ್ಲಿ, ಬಹಳ ಮಂದಿಗೆ ಕೊಡಚಾದ್ರಿ ಹತ್ತಿ ಮೂಲ ಮೂಕಾಂಬಿಕೆಗೆ ಕೈಮುಗಿದು, ಸರ್ವಜ್ಞ ಪೀಠ ನೋಡಿಯೇ ಊರಿಗೆ ಹೋಗಬೇಕು ಅಂತ ಇರುತ್ತದೆ. ಬೆಟ್ಟದ ಎತ್ತರ 1343 ಮೀಟರ್. ನಾಗೋಡಿ ಘಾಟಿ ಹತ್ತಿ, ಸಂಪೆಕಟ್ಟೆ ಹಾದು, ಕಟ್ಟಿನಹೊಳೆ ಕಳೆದರೆ ರಸ್ತೆಯ ಋಣ ತೀರಿತು. ಅಲ್ಲಿಂದ ಮೇಲೆ ಮಳೆಗಾಲದಲ್ಲಿ ನೀರು ಇಳಿಯುವ ದಾರಿ ಯಾವುದೋ, ಮಳೆ ನಿಂತ ಮೇಲೆ ಜೀಪು ಹತ್ತುವ ದಾರಿಯೂ ಅದೇ. ಒಂದೊಂದು ಮಳೆಗಾಲಕ್ಕೂ ಮಣ್ಣು ತೊಳೆದುಹೋಗಿ ಕಲ್ಲಿನ ತಲೆಗಳು ಮೇಲೇಳುತ್ತವೆ. ಹೋದ ವರ್ಷ ಬಲಗಾಲಿ ಇಟ್ಟ ಕಲ್ಲು ಈ ವರ್ಷ ಅಲ್ಲಿರುವುದಿಲ್ಲ, ಕೊರಕಲಿನ ಬುಡಕ್ಕೆ ಉರುಳಿರುತ್ತದೆ. ಜೀಪು ಗುಡಿಯ ಹತ್ತಿರದವರೆಗೆ ಹೋಗುತ್ತದೆ. ಪೀಠಕ್ಕೆ ಮುಂದೆ ನಡೆದೇ ಹತ್ತಬೇಕು.

ಮಾವನದ್ದು ಮಿಲಿಟರಿ ಹರಾಜಿನಿಂದ ಕೈ ಬದಲಾಗುತ್ತಾ ಬಂದ ಮಹೀಂದ್ರ ಸಿಜೆ-3ಬಿ. ಬಾನೆಟ್ಟು ಎತ್ತರ ಇರುವ ಜಾತಿ. ಅದರ 2199 ಸಿಸಿ ಪೆಟ್ರೋಲ್ ಎಂಜಿನ್ನಿನಲ್ಲಿ ಒಳಗೆ ಎಳೆದುಕೊಳ್ಳುವ ವಾಲ್ವು ಹೆಡ್ಡಿನ ಮೇಲೆ, ಹೊಗೆ ಬಿಡುವ ವಾಲ್ವು ಬ್ಲಾಕಿನ ಪಕ್ಕದಲ್ಲಿ. ಹಾಗಾಗಿ ಎಂಜಿನ್ನೇ ಎತ್ತರ, ಅದನ್ನು ಮುಚ್ಚಬೇಕಾದ ಬಾನೆಟ್ಟೂ ಎತ್ತರ. ಆಕ್ಸಲಿನೊಳಗಿನ ಕ್ರೌನ್ ಗೇರಿನಲ್ಲಿ 43 ಹಲ್ಲು, ಅದನ್ನು ತಿರುಗಿಸುವ ಪಿನಿಯನ್ನಿನಲ್ಲಿ 8. ಅಂದರೆ ಪ್ರೊಪೆಲ್ಲರ್ ಶಾಫ್ಟು ಐದು ಸುತ್ತು ದಾಟಿ ತಿರುಗಿದರೆ ಗಾಲಿ ತಿರುಗುವುದು ಒಂದು ಸುತ್ತು. ಅದರ ಮೇಲೆ ಲೋ ಗೇರು ಹಾಕಿ ಫಸ್ಟಿನಲ್ಲಿ ಬಿಟ್ಟರೆ, ಪಕ್ಕದಲ್ಲಿ ನಡೆಯುವವನೇ ಮುಂದೆ ಹೋಗಿಬಿಡುತ್ತಾನೆ. ಕಲ್ಲಿನ ದಾರಿಗೆ ಬೇಕಾದದ್ದು ಆ ನಿಧಾನವೇ.

ನಾನಾಗ ಡಿಗ್ರಿ ಮುಗಿಸಿ ಕೆಲಸ ಸಿಗದೆ ಮಾವನ ಮನೆಯಲ್ಲಿದ್ದೆ. ಮಳೆಗಾಲದಲ್ಲಿ ಬಾಡಿಗೆ ಇಲ್ಲ. ಕೊಟ್ಟಿಗೆಯ ಪಕ್ಕದ ಮಾಡಿನ ಕೆಳಗೆ ಜೀಪನ್ನು ಮರದ ದಿಮ್ಮಿಗಳ ಮೇಲೆ ಕೂರಿಸಿ, ನಾಲ್ಕು ಗಾಲಿಯನ್ನೂ ಬಿಚ್ಚಿ ಮಾವ ಅದರ ಅಡಿಗೆ ಸೇರುತ್ತಿದ್ದ. ಸ್ಪ್ಯಾನರ್ ಕೊಡುವುದು, ಸೀಮೆಎಣ್ಣೆಯಲ್ಲಿ ಬೇರಿಂಗು ತೊಳೆಯುವುದು ನನ್ನ ಕೆಲಸ. ಡ್ರಮ್ಮು ಬಿಚ್ಚಿದರೆ ಒಳಗೆ ಕೆಂಪು ಮಣ್ಣಿನ ರಾಡಿ ಗಟ್ಟಿಯಾಗಿ ಕೂತಿರುತ್ತಿತ್ತು. ಕಮಾನು ಪ್ಲೇಟುಗಳ ಸಂದಿಯಲ್ಲಿ ತುಕ್ಕು. ಒಂದೊಂದು ಪ್ಲೇಟನ್ನೂ ಬೆರಳಲ್ಲಿ ಸವರಿ, ಕೂದಲೆಳೆಯಷ್ಟು ಬಿರುಕಿದ್ದರೂ ಪಕ್ಕಕ್ಕಿಡುತ್ತಿದ್ದ. ಹೊಸ ಯು-ಬೋಲ್ಟು ಹಾಕಿದರೆ ಮೊದಲ ಬಾಡಿಗೆ ಮುಗಿಸಿ ಬಂದ ದಿನವೇ ಮತ್ತೆ ಬಿಗಿ ಮಾಡಬೇಕು ಅನ್ನುವುದು ಅವನ ನಿಯಮ. ಹೊಸ ಬೋಲ್ಟು ಹೊರೆ ಬಿದ್ದ ಮೇಲೆ ಸ್ವಲ್ಪ ಸಡಿಲಾಗಿಯೇ ಆಗುತ್ತದೆ. ಅದು ಸಡಿಲಾದರೆ ಸೆಂಟರ್ ಬೋಲ್ಟು ತುಂಡಾಗಿ, ಆಕ್ಸಲ್ಲೇ ಜಾಗ ಬಿಟ್ಟು ಜರುಗುತ್ತದೆ.

ಹಾಗಂತ ಮಾವ ಜೀಪಿಗೆ ಹೊಸದೇನೂ ಮಾಡಿಸಿರಲಿಲ್ಲ ಅಂದುಕೊಳ್ಳಬೇಡಿ. ಎಂಜಿನ್ನಿನ ತಳಕ್ಕೆ 5 ಮಿಲಿಮೀಟರ್ ದಪ್ಪದ ಕಬ್ಬಿಣದ ಪ್ಲೇಟು ಬಗ್ಗಿಸಿ ಗಾರ್ಡು ಕೂರಿಸಿದ್ದ. ಗಾರ್ಡು ಬಿಚ್ಚದೆ ಆಯಿಲ್ ಬದಲಿಸುವುದಕ್ಕೆ ಡ್ರೈನ್ ನಟ್ಟಿನ ನೇರಕ್ಕೆ ಒಂದು ತೂತು. ಕಲ್ಲಿಗೆ ಸಿಗುವ ಹಾಗಿದ್ದ ಬ್ರೇಕ್ ಪೈಪನ್ನು ಆಕ್ಸಲಿನ ಬೆನ್ನ ಮೇಲಕ್ಕೆ ಎತ್ತಿ ಕಟ್ಟಿದ್ದ. ಎಳೆಯುವ ಕೊಕ್ಕೆಗಳು ಬಂಪರಿಗಲ್ಲ, ನೇರ ಚಾಸಿಗೆ. ಅವನಿಗೆ ಎಲ್ಲಕ್ಕಿಂತ ಹೆಮ್ಮೆ ಒಂದು ತುಂಡು ರಬ್ಬರ್ ಪೈಪಿನ ಮೇಲೆ. ಓಡಿ ಬಿಸಿಯಾದ ಆಕ್ಸಲು ಹಳ್ಳದ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗುತ್ತದೆ, ಉಸಿರಾಟದ ತೂತಿನಿಂದ ನೀರನ್ನೇ ಒಳಗೆ ಎಳೆದುಕೊಳ್ಳುತ್ತದೆ. ಆಮೇಲೆ ನಟ್ಟು ಬಿಚ್ಚಿ ನೋಡಿದರೆ ಗೇರ್ ಆಯಿಲ್ಲು ಹಾಲು ಹಾಕಿದ ಚಹಾದ ಬಣ್ಣ. ಮಾವ ಆ ತೂತಿಗೆ ಪೈಪು ಸಿಕ್ಕಿಸಿ ಸೀಟಿನ ಎತ್ತರದವರೆಗೆ ತಂದು ಬಿಟ್ಟಿದ್ದ. ಖರ್ಚು ಏನೂ ಇಲ್ಲದ ಕೆಲಸ, ಉಳಿಸಿದ್ದು ಎರಡು ಆಕ್ಸಲಿನ ಬೇರಿಂಗು.

ಮಾವನ ಮಗ, ಅಂದರೆ ನನ್ನ ಬಾವ, ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದದ್ದು ಆ ಮಳೆಗಾಲದ ಶುರುವಿಗೆ. ಬರುವಾಗ ಒಂದು ಎಂಎಂ 540 ತಂದ. ಪೆಜೊ ಡೀಸೆಲ್ ಎಂಜಿನ್, 2112 ಸಿಸಿ, 62 ಹಾರ್ಸ್ ಪವರ್. ನಗರದ ಯಾವುದೋ ಗ್ಯಾರೇಜಿನಲ್ಲಿ ಅದಕ್ಕೆ ಮೈತುಂಬ ಅಲಂಕಾರ ಆಗಿತ್ತು. 31 ಇಂಚಿನ ಅಗಲದ ಬಟನ್ ಟಯರು, ಜೀಪು ಎತ್ತರ ಮಾಡಲು ಉದ್ದದ ಶ್ಯಾಕಲು, ಎದುರಿಗೆ ಸಾಲು ದೀಪ. ಹಿಂದಿನ ಡಿಫರೆನ್ಷಿಯಲ್ಲಿಗೆ ಒಳಗಿನಿಂದ ವೆಲ್ಡಿಂಗು ಹೊಡೆಸಿ ಎರಡೂ ಗಾಲಿ ಒಟ್ಟಿಗೇ ತಿರುಗುವ ಹಾಗೆ ಮಾಡಿಸಿದ್ದ. ಮಾಮೂಲಿ ಜೀಪಿನಲ್ಲಿ ಒಂದು ಗಾಲಿ ಗಾಳಿಗೆದ್ದರೆ ಅದೊಂದೇ ಬುರ್ರೆಂದು ಸುತ್ತುತ್ತದೆ, ನೆಲದಲ್ಲಿರುವ ಗಾಲಿ ಸುಮ್ಮನೆ ನಿಲ್ಲುತ್ತದೆ. ವೆಲ್ಡಿಂಗು ಹೊಡೆದರೆ ಆ ತೊಂದರೆ ಇಲ್ಲ, ಅದು ಸತ್ಯ.

“ಅಪ್ಪಯ್ಯ, ನಿನ್ನ ಜೀಪಿಗಿಂತ ನನ್ನದು ಎಷ್ಟು ಎತ್ತರ ಇದೆ ನೋಡು” ಅಂದ ಬಾವ.

ಮಾವ ನೋಡಲಿಲ್ಲ. ಬಗ್ಗಿ ಹಿಂದಿನ ಆಕ್ಸಲ್ ಹೌಸಿಂಗಿನ ಕೆಳಗೆ ಗೇಣು ಹಾಕಿದ. “ಎತ್ತರ ಆದದ್ದು ಬಾಡಿ. ಕಲ್ಲು ಬಡಿಯುವುದು ಇದಕ್ಕೆ. ಶ್ಯಾಕಲು ಉದ್ದ ಮಾಡಿದರೆ ಇದು ಒಂದು ನೂಲೂ ಏಳುವುದಿಲ್ಲ. ಎರಡು ಇಂಚು ದೊಡ್ಡ ಟಯರು ಹಾಕಿದರೆ ಇದು ಏಳುವುದು ಒಂದೇ ಇಂಚು. ಒಂದು ಇಂಚಿಗೆ ಇಷ್ಟೆಲ್ಲ ಎಂತಕ್ಕೆ ಮಾರಾಯ?”

ಅಲ್ಲಿಂದ ಶುರುವಾಯಿತು. ದೊಡ್ಡ ಟಯರು ಹಾಕಿದರೆ ಗೇರಿನ ಬಲ ಇಳಿಯುತ್ತದೆ, ಬ್ರೇಕಿನ ಹಿಡಿತವೂ ಇಳಿಯುತ್ತದೆ, ಎರಡನ್ನೂ ಸರಿ ಮಾಡಿಸದೆ ಟಯರು ಹಾಕಬಾರದು ಅಂತ ಮಾವ. ಕಾಲ ಬದಲಾಗಿದೆ, ಮಿಲಿಟರಿ ಗುಜರಿಯನ್ನು ಎಷ್ಟು ದಿನ ಓಡಿಸುತ್ತೀ ಅಂತ ಬಾವ. ಊಟಕ್ಕೆ ಕೂತರೂ ಅದೇ. ಅತ್ತೆ ಸಾರಿನ ಪಾತ್ರೆ ಕುಕ್ಕಿ ಇಟ್ಟು ಒಳಗೆ ಹೋಗುತ್ತಿದ್ದಳು. ಆ ಜಗಳಗಳಲ್ಲೇ ಮಾವನ ಬಾಯಿಂದ ಒಂದು ಮಾತು ಬಂದದ್ದು. ಬಾವ ತನ್ನ ಪ್ರೊಪೆಲ್ಲರ್ ಶಾಫ್ಟನ್ನೂ ದಪ್ಪದ್ದು ಹಾಕಿಸುತ್ತೇನೆ ಅಂದಾಗ ಮಾವ ಹೇಳಿದ, “ಬೇಡ. ಎಲ್ಲವನ್ನೂ ಗಟ್ಟಿ ಮಾಡಲಿಕ್ಕೆ ಆಗುವುದಿಲ್ಲ. ಒಂದನ್ನು ಗಟ್ಟಿ ಮಾಡಿದರೆ ಅದರ ಪಕ್ಕದ್ದು ಮುರಿಯುತ್ತದೆ. ಮುರಿಯುವುದಿದ್ದರೆ ಕೈಗೆ ಸಿಗುವ ಕಡೆ ಮುರಿಯಲಿ. ಶಾಫ್ಟಿನ ಕ್ರಾಸು ಹೋದರೆ ದಾರಿಯಲ್ಲೇ ಮಲಗಿ ಬಿಚ್ಚಬಹುದು. ಕ್ರೌನ್ ಪಿನಿಯನ್ನು ಹೋದರೆ ಹೊತ್ತುಕೊಂಡು ಬರುತ್ತೀಯಾ?”

ಬಾವ ಉತ್ತರ ಕೊಡದೆ ಎದ್ದು ಹೋದ.

ನವರಾತ್ರಿ ಕಳೆದು ಜನ ಬರಲು ಶುರುವಾಯಿತು. ಆ ದಿನ ಮಧ್ಯಾಹ್ನದ ಮೇಲೆ ಬಾವನ ಜೀಪಿನಲ್ಲಿ ಬೆಂಗಳೂರಿನ ಹುಡುಗರು, ನಮ್ಮ ಜೀಪಿನಲ್ಲಿ ತೃಶ್ಶೂರಿನ ಕಡೆಯ ಒಂದು ಕುಟುಂಬ. ಅವರ ಜೊತೆ ಒಬ್ಬರು ಅಜ್ಜಿ. ಸೂರ್ಯ ಮುಳುಗುವುದನ್ನು ನೋಡಬೇಕು ಅಂತ ಹುಡುಗರು ಅವಸರ ಮಾಡಿದ್ದಕ್ಕೆ ಬಾವ ಮುಂದೆ ಹೊರಟ. ಕಟ್ಟಿನಹೊಳೆಯಲ್ಲಿ ಮಾವ ನಿಲ್ಲಿಸಿ, ಟಯರಿನ ಗಾಳಿಯನ್ನು 20 ಪೌಂಡಿನ ಆಸುಪಾಸಿಗೆ ಇಳಿಸಿದ. ಗಾಳಿ ಕಡಿಮೆಯಿದ್ದರೆ ಟಯರು ಕಲ್ಲನ್ನು ತಬ್ಬಿಕೊಳ್ಳುತ್ತದೆ, ಪುಟಿಯುವುದಿಲ್ಲ. ಆದರೆ ಟ್ಯೂಬಿನ ಟಯರಿಗೆ ಇನ್ನೂ ಇಳಿಸಿದರೆ ಟಯರು ರಿಮ್ಮಿನ ಮೇಲೆ ಜಾರಿ ವಾಲ್ವನ್ನೇ ಕಿತ್ತುಕೊಂಡು ಹೋಗುತ್ತದೆ.

ಹತ್ತುವಾಗ ಮಾವನ ಕೈ ನೋಡುವುದೇ ಒಂದು ಪಾಠ. ಹೆಬ್ಬೆರಳು ಎಂದೂ ಸ್ಟೇರಿಂಗಿನ ಒಳಗಿಲ್ಲ, ಉಳಿದ ಬೆರಳುಗಳ ಜೊತೆ ಹೊರಗೇ. ಮುಂದಿನ ಗಾಲಿ ಕಲ್ಲಿಗೆ ಬಡಿದಾಗ ಸ್ಟೇರಿಂಗು ಒದ್ದುಕೊಂಡು ತಿರುಗುತ್ತದೆ, ಒಳಗಿದ್ದ ಹೆಬ್ಬೆರಳನ್ನು ಮುರಿದೇ ಬಿಡುತ್ತದೆ. ದೊಡ್ಡ ಕಲ್ಲು ಸಿಕ್ಕರೆ ಹೊಸಬರು ಎರಡೂ ಗಾಲಿಯ ನಡುವೆ ದಾಟಿಸಲು ನೋಡುತ್ತಾರೆ. ಮಾವ ಗಾಲಿಯನ್ನೇ ಅದರ ನೆತ್ತಿಗೆ ಹತ್ತಿಸುತ್ತಿದ್ದ. ನಡುವೆ ಬಿಟ್ಟ ಕಲ್ಲು ಹೌಸಿಂಗಿಗೆ, ಗಾಲಿ ಹತ್ತಿದ ಕಲ್ಲು ನೆಲಕ್ಕೆ ಅನ್ನುತ್ತಿದ್ದ.

ಹೆಚ್ಚುಕಡಿಮೆ ಅರ್ಧ ದಾರಿ ಕಳೆದಿರಬೇಕು. ಮೇಲಿನ ತಿರುವಿನಲ್ಲಿ ಬಾವನ ಜೀಪು ಕೂಗುವುದು ಕೇಳುತ್ತಿತ್ತು. ಆ ಸದ್ದಿನ ನಡುವೆ ಟಣ್ ಅಂತ ಒಂದು ಶಬ್ದ, ಹಿಂದೆಯೇ ಕಬ್ಬಿಣ ಕಬ್ಬಿಣಕ್ಕೆ ಬಡಿಯುವ ಗಲಾಟೆ, ಆಮೇಲೆ ಎಂಜಿನ್ನು ಆಫ್. ಮಾವ ಜೀಪನ್ನು ಅಲ್ಲೇ ನಿಲ್ಲಿಸಿ, ಗೇರಿನಲ್ಲೇ ಬಿಟ್ಟು, ಗಾಲಿಗೆ ಕಲ್ಲು ಕೊಡಲು ನನಗೆ ಹೇಳಿ ಮೇಲೆ ಓಡಿದ.

ಹೋಗಿ ನೋಡಿದರೆ ಹಿಂದಿನ ಪ್ರೊಪೆಲ್ಲರ್ ಶಾಫ್ಟು ಒಂದು ತುದಿ ಕಳಚಿ ನೆಲಕ್ಕೆ ಬಿದ್ದಿದೆ. ಜೀಪಿನ ಮೂತಿ ಮೇಲಕ್ಕೆ, ಒಂದು ಪಕ್ಕ ಗೋಡೆಯಂಥ ದರೆ, ಇನ್ನೊಂದು ಪಕ್ಕ ಕೊರಕಲು. ಹುಡುಗರು ಇಳಿದು ದೂರ ನಿಂತಿದ್ದರು. ಬಾವ ಬ್ರೇಕ್ ಪೆಡಲಿನ ಮೇಲೆ ನಿಂತೇ ಇದ್ದ, ಮುಖ ಬೆವರಿತ್ತು. ನಾನು ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟೆ. ಮಾವ ಒಂದೂ ಮಾತಾಡದೆ ಟಾರ್ಚು ಹಿಡಿದು ಅಡಿಗೆ ಹೋದ.

ಸ್ವಲ್ಪ ಹೊತ್ತಿಗೆ ಕೈ ಹೊರಗೆ ಬಂತು. ಅಂಗೈಯಲ್ಲಿ ಕ್ರಾಸಿನ, ಅಂದರೆ ಶಾಫ್ಟಿನ ತುದಿಯ ಕೀಲಿನ, ಒಂದು ಬಟ್ಟಲು. ಅದರೊಳಗೆ ಸುತ್ತ ಸೂಜಿಯಷ್ಟು ಸಣ್ಣ ಬೇರಿಂಗು ಕಡ್ಡಿಗಳು ಗ್ರೀಸಿನಲ್ಲಿ ಮುಳುಗಿ ಸಾಲಾಗಿ ನಿಂತಿರಬೇಕು. ಅಲ್ಲಿ ಗ್ರೀಸೂ ಇಲ್ಲ, ಸಾಲೂ ಇಲ್ಲ. ಮುರಿದ ನಾಲ್ಕಾರು ಕಡ್ಡಿ, ಉಳಿದದ್ದೆಲ್ಲ ಕಾವಿ ಬಣ್ಣದ ಒಣ ಪುಡಿ. ಮಾವ ಅದನ್ನು ಊದಿದ. ಪುಡಿ ಟಾರ್ಚಿನ ಬೆಳಕಿನಲ್ಲಿ ಹಾರಿತು.

“ಇದಕ್ಕೆ ಗ್ರೀಸು ಹೊಡೆದದ್ದು ಯಾವಾಗ?”

“ನಿಪ್ಪಲ್ಲು ಮೇಲ್ಮುಖ ಆಗಿದೆ ಅಪ್ಪಯ್ಯ. ಗನ್ನಿನ ಮೂತಿ ಒಳಗೆ ಹೋಗುವುದಿಲ್ಲ.”

“ಜೀಪನ್ನು ಎರಡಡಿ ಮುಂದೆ ತಳ್ಳಿದರೆ ಶಾಫ್ಟು ತಿರುಗಿ ನಿಪ್ಪಲ್ಲು ಕೆಳಗೆ ಬರುತ್ತದೆ ಮಾರಾಯ.”

ಬೈಗುಳ ಅಷ್ಟೇ. ಉಳಿದದ್ದನ್ನು ಮಾವ ಆಮೇಲೆ ನನಗೆ ಬಿಡಿಸಿ ಹೇಳಿದ. ಗ್ರೀಸು ಒಂದೇ ಕಾರಣ ಅಲ್ಲ. ಉದ್ದದ ಶ್ಯಾಕಲು ಹಾಕಿದಾಗ ಆಕ್ಸಲು ಸ್ವಲ್ಪ ಉರುಳಿ ಪಿನಿಯನ್ನಿನ ಮೂತಿ ಬೇರೆ ಕಡೆಗೆ ತಿರುಗುತ್ತದೆ. ಶಾಫ್ಟಿನ ಎರಡು ತುದಿಯ ಕ್ರಾಸುಗಳ ಕೋನ ಒಂದಕ್ಕೊಂದು ಸಮ ಇದ್ದರೆ ಮಾತ್ರ ಒಂದರ ಏರಿಳಿತವನ್ನು ಇನ್ನೊಂದು ತಿನ್ನುತ್ತದೆ. ಸಮ ತಪ್ಪಿದರೆ ಶಾಫ್ಟು ನಡುಗುತ್ತದೆ, ಬೇರಿಂಗು ಸವೆಯುತ್ತದೆ. ಅದರ ಮೇಲೆ ವೆಲ್ಡಿಂಗು ಹೊಡೆದ ಡಿಫರೆನ್ಷಿಯಲ್ಲು. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಕೆಸರಿನಲ್ಲಾದರೆ ಒಂದು ಗಾಲಿ ಜಾರಿ ಲೆಕ್ಕ ಸರಿಮಾಡಿಕೊಳ್ಳುತ್ತದೆ. ಒಣ ಕಲ್ಲಿನ ಮೇಲೆ ಅಗಲದ ಟಯರು ಜಾರಲು ಒಪ್ಪುವುದಿಲ್ಲ, ಆಗ ಆ ತಿರುಚು ಕಬ್ಬಿಣಕ್ಕೇ ಬೀಳುತ್ತದೆ. ಎಲ್ಲಿ ಸೋತಿದೆಯೋ ಅಲ್ಲಿ ಹೋಯಿತು.

ಮಾವನ ಸಾಮಾನಿನ ಪೆಟ್ಟಿಗೆಯಲ್ಲಿ ಎರಡು ಹೊಸ ಕ್ರಾಸು ಇದ್ದವು. ಅಳತೆ ಬೇರೆ, ಬಾವನ ಜೀಪಿಗೆ ಕೂರಲಿಲ್ಲ. ಉಳಿದ ತುದಿಯನ್ನೂ ಬಿಚ್ಚಿ ಶಾಫ್ಟನ್ನೇ ಹೊರಗೆ ತೆಗೆದೆವು. ಇನ್ನು ಆ ಜೀಪಿಗೆ ಮುಂದಿನ ಗಾಲಿಗಳ ಎಳೆತ ಮಾತ್ರ. ಕತ್ತಲೆ ಬೀಳುತ್ತಿತ್ತು. ರಿವರ್ಸಿನಲ್ಲಿ ಕೆಳಗೆ ಬಿಡೋಣ ಅಂದ ಬಾವ. ನಮಗೆಲ್ಲ ಅದೇ ಸರಿ ಅನ್ನಿಸಿತು, ಕೆಳಗಿಳಿಯುವುದು ಸುಲಭ ತಾನೇ.

ಮಾವ ಒಪ್ಪಲಿಲ್ಲ. “ಮೂತಿ ಮೇಲಿದೆ. ಭಾರ ಎಲ್ಲ ಹಿಂದಿನ ಗಾಲಿ ಮೇಲೆ. ಎಂಜಿನ್ನು ಹಿಡಿಯುವುದು ಮುಂದಿನ ಗಾಲಿ, ಅದು ನೆಲದಲ್ಲಿ ಹಗುರ. ಬ್ರೇಕು ಒಂದನ್ನೇ ನಂಬಿ ಹಿಂದಕ್ಕೆ ಬಿಟ್ಟರೆ ಕೊರಕಲಿಗೆ. ಮೊದಲು ಮೇಲೆ ಹತ್ತಿಸಿ ತಿರುಗಿಸಬೇಕು. ಮೂತಿ ಕೆಳಗಾದರೆ ಭಾರ ಮುಂದಕ್ಕೆ ಬರುತ್ತದೆ, ಆಗ ಮುಂದಿನ ಗಾಲಿಯೇ ಹಿಡಿಯುತ್ತದೆ.”

ತಿರುವು ಕಳೆದರೆ ಮೇಲೆ ಜೀಪು ತಿರುಗುವಷ್ಟು ಅಗಲದ ಜಾಗ ಇತ್ತು. ನಮ್ಮ ಜೀಪಿನಲ್ಲಿ ನಾಟಾ ಎಳೆಯುವವರಿಂದ ತಂದ ಕೈ ವಿಂಚು ಯಾವತ್ತೂ ಇರುತ್ತಿತ್ತು. ಮೇಲಿನ ದಪ್ಪ ಮರವೊಂದಕ್ಕೆ ಸಿಪ್ಪೆ ಕೀಳದ ಹಾಗೆ ಗೋಣಿಚೀಲ ಸುತ್ತಿ, ಅಗಲದ ಪಟ್ಟಿ ಹಾಕಿ ವಿಂಚು ಕಟ್ಟಿದೆವು. ಅದು ವನ್ಯಜೀವಿ ಧಾಮದ ಕಾಡು, ಮರಕ್ಕೆ ಗಾಯ ಮಾಡಿ ಬಂದರೆ ಮರುದಿನ ಗೇಟಿನಲ್ಲಿ ಮುಖ ತೋರಿಸುವ ಹಾಗಿಲ್ಲ. ಎಳೆದು ಬಿಗಿಯಾದ ಸ್ಟೀಲ್ ಹಗ್ಗದ ನಡುವಿಗೆ ಮಾವ ಒದ್ದೆ ಗೋಣಿಚೀಲ ಹೊದಿಸಿದ. ಹಗ್ಗ ತುಂಡಾದರೆ ಚಾವಟಿ ಬೀಸಿದ ಹಾಗೆ ಬಂದು ಕಾಲು ಕತ್ತರಿಸಬಹುದು, ಚೀಲದ ಭಾರ ಅದನ್ನು ನೆಲಕ್ಕೆ ಬೀಳಿಸುತ್ತದೆ. ಹಗ್ಗದ ನೇರದಲ್ಲಿ ನಿಂತಿದ್ದ ಹುಡುಗರನ್ನು ಗದರಿಸಿ ಓಡಿಸಿದ.

ಬಾವ ಲೋ ಗೇರಿನಲ್ಲಿ, ಮುಂದಿನ ಟಯರುಗಳ ಗಾಳಿ ಇನ್ನಷ್ಟು ಇಳಿಸಿ ಕೂತ. ಮಾವ ವಿಂಚಿನ ಸರಳು ಹಿಡಿದ. ನಾನು ಹಿಂದಿನ ಗಾಲಿಗಳ ಹಿಂದೆ ಕಲ್ಲು ಹಿಡಿದು ನಿಂತೆ. ಒಂದು ಎಳೆತ, ಗಾಲಿ ಗೇಣು ಮುಂದೆ, ಕಲ್ಲು. ಮತ್ತೊಂದು ಎಳೆತ, ಮತ್ತೆ ಕಲ್ಲು. ಮುಂದಿನ ಗಾಲಿ ಸುತ್ತಿದ ಕೂಡಲೇ “ಬಿಡು, ಬಿಡು” ಅಂತ ಮಾವ ಕೂಗುವುದು. ಸುತ್ತುವ ಗಾಲಿಗೆ ಥಟ್ಟನೆ ಹಿಡಿತ ಸಿಕ್ಕರೆ ಆ ಏಟಿಗೇ ಮುಂದಿನ ಆಕ್ಸಲು ತುಂಡು. ಬೆಂಗಳೂರಿನ ಹುಡುಗರೂ ಸರಳಿಗೆ ಕೈ ಕೊಟ್ಟರು. ಅಜ್ಜಿ ಒಂದು ಕಲ್ಲಿನ ಮೇಲೆ ಕೂತು ಜಪ ಮಾಡುತ್ತಿದ್ದರು. ಅವರ ಮೊಮ್ಮಗ ಟಾರ್ಚು ಹಿಡಿದಿದ್ದ. ಮೇಲಿನ ಜಾಗ ಮುಟ್ಟುವಾಗ ನಕ್ಷತ್ರ ಕಾಣುತ್ತಿತ್ತು.

ಮಾವ ತನ್ನ ಜೀಪನ್ನೂ ಅಲ್ಲಿಗೆ ಹತ್ತಿಸಿ ತಿರುಗಿಸಿದ. ಇಳಿಯುವಾಗ ಬಾವನ ಜೀಪು ಮುಂದೆ, ಮಾವನದ್ದು ಹಿಂದೆ. ಬಾವನ ಹಿಂದಿನ ಕೊಕ್ಕೆಗೂ ಮಾವನ ಮುಂದಿನ ಕೊಕ್ಕೆಗೂ ಹಗ್ಗ. ಮುಂದಿನದು ಜಾರಿದರೆ ಹಿಂದಿನದು ಲೋ ಗೇರಿನಲ್ಲಿ ಹಿಡಿದುಕೊಳ್ಳಬೇಕು. ಅಜ್ಜಿ ಒಬ್ಬರೇ ಜೀಪಿನೊಳಗೆ, ಉಳಿದವರೆಲ್ಲ ನಡಿಗೆ. ಬಾವ ಕ್ಲಚ್ಚಿಗೆ ಕಾಲು ಹಾಕಬಾರದು ಅಂತ ಕಟ್ಟಪ್ಪಣೆ. ಕ್ಲಚ್ಚು ಒತ್ತಿದರೆ ಎಂಜಿನ್ನಿನ ಹಿಡಿತ ತಪ್ಪಿ, ಇಡೀ ಜೀಪು ಬ್ರೇಕಿನ ಮೇಲೆ ಬೀಳುತ್ತದೆ. ನೇರ ಇಳಿಜಾರಿನಲ್ಲಿ ಮಾವ ಹೇಳಿದ ಹಾಗೆಯೇ ಮುಂದಿನ ಗಾಲಿಗಳು ಕಚ್ಚಿ ಹಿಡಿದವು. ಕಷ್ಟ ಆದದ್ದು ತಿರುವುಗಳಲ್ಲಿ. ಶಾಫ್ಟು ಇಲ್ಲದಿದ್ದರೂ ವೆಲ್ಡಿಂಗು ಇದೆಯಲ್ಲ, ಹಿಂದಿನ ಗಾಲಿಗಳೆರಡೂ ಒಂದೇ ವೇಗದಲ್ಲಿ ಉರುಳುವ ಹಟ ಬಿಡಲಿಲ್ಲ. ಸ್ಟೇರಿಂಗು ತಿರುಗಿಸಿದರೂ ಜೀಪು ನೇರ ಅಂಚಿಗೇ ಹೋಗುತ್ತಿತ್ತು. ಪ್ರತಿ ತಿರುವಿನಲ್ಲೂ ಹಗ್ಗ ಸಡಿಲಿಸಿ, ಹಿಂದೆ ಮುಂದೆ ಮಾಡಿ, ಮೂತಿ ಹೊರಳಿಸಬೇಕಾಯಿತು. ಕಟ್ಟಿನಹೊಳೆ ಮುಟ್ಟಿದಾಗ ಮಧ್ಯರಾತ್ರಿ ಹತ್ತಿರ. ಅಜ್ಜಿಯನ್ನು ಮರುದಿನ ಬೆಳಿಗ್ಗೆ ಮಾವನೇ ಮೇಲೆ ಕರೆದುಕೊಂಡು ಹೋದ, ಬಾಡಿಗೆ ತೆಗೆದುಕೊಳ್ಳಲಿಲ್ಲ.

ಬಾವ ಎರಡು ದಿನ ಯಾರೊಡನೆಯೂ ಮಾತಾಡಲಿಲ್ಲ. ಮೂರನೇ ದಿನ ಜೀಪಿನ ಹಿಂದಿನ ಹೌಸಿಂಗನ್ನು ತಾನೇ ಬಿಚ್ಚಿ ಕೂತ. ಕ್ರೌನಿನ ಹಲ್ಲುಗಳಲ್ಲಿ ಒಂದರ ಮೂಲೆ ಚಿಪ್ಪೆದ್ದಿತ್ತು. ಕ್ರಾಸು ಅವತ್ತು ಹೋಗದೆ ಗಟ್ಟಿ ನಿಂತಿದ್ದರೆ ಮುಂದಿನ ಸರದಿ ಅದರದ್ದೇ. ಮಾವ ಬಂದು ನೋಡಿ, ಆ ಹಲ್ಲಿನ ಮೇಲೆ ಉಗುರು ಆಡಿಸಿ, “ನಿನ್ನ ಪುಣ್ಯ” ಅಂದು ಹೋದ. ಬಾವ ವೆಲ್ಡಿಂಗಿನ ಡಿಫರೆನ್ಷಿಯಲ್ಲು ತೆಗೆಸಿ ಮಾಮೂಲಿದು ಹಾಕಿಸಿದ. ಶ್ಯಾಕಲು ಗುಜರಿಗೆ ಹೋಯಿತು. ಟಯರನ್ನು ಮಾತ್ರ ಬಿಡಲಿಲ್ಲ, ಬದಲಿಗೆ ಅದಕ್ಕೆ ಹೊಂದುವ ಕ್ರೌನ್ ಪಿನಿಯನ್ನು ಹುಡುಕಿ ತಂದ, ಬ್ರೇಕನ್ನೂ ಪೂರ್ತಿ ಹೊಸದು ಮಾಡಿಸಿದ. ಅದಕ್ಕೆ ಮಾವ ಏನೂ ಅನ್ನಲಿಲ್ಲ. ಅಗಲದ ಟಯರು ಕಲ್ಲಿನ ಮೇಲೆ ಚೆನ್ನಾಗಿ ಕೂರುತ್ತದೆ ಅನ್ನುವುದನ್ನು ಒಂದು ವರ್ಷದ ಮೇಲೆ ನನ್ನೆದುರು ಒಪ್ಪಿಕೊಂಡ, ಮಗನೆದುರು ಅಲ್ಲ.

ಈಗ ಕಾನೂನೂ ಬಿಗಿಯಾಗಿದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನು ಎತ್ತಿ, ತಯಾರಕರ ಮೂಲ ವಿವರಕ್ಕೆ ಹೊರತಾಗಿ ವಾಹನವನ್ನು ಬದಲಿಸುವಂತಿಲ್ಲ ಅಂದಿತು. ಆದರೂ ಹೊಸ ಜೀಪು ಕೊಂಡ ಹುಡುಗರು ಬಾವನ ಹತ್ತಿರ ಬಂದು ಮೊದಲು ಏನು ಹಾಕಿಸಬೇಕು ಅಂತ ಕೇಳುವುದು ನಿಂತಿಲ್ಲ. ಬಾವ ಅವರ ಕೈಗೆ ಗ್ರೀಸ್ ಗನ್ನು ಕೊಟ್ಟು ಜೀಪಿನ ಅಡಿಗೆ ಕಳಿಸುತ್ತಾನೆ, ಎಲ್ಲ ನಿಪ್ಪಲ್ಲೂ ಹುಡುಕಿದ ಮೇಲೆ ಬನ್ನಿ, ಮಾತಾಡೋಣ ಅಂತ. ಆಮೇಲೆ ಗಂಭೀರವಾಗಿ ಹೇಳುತ್ತಾನೆ, “ನೋಡಿ, ಮುರಿಯುವುದಿದ್ದರೆ ಕೈಗೆ ಸಿಗುವ ಕಡೆ ಮುರಿಯಲಿ.” ತನ್ನದೇ ಮಾತು ಅನ್ನುವ ಹಾಗೆ. ಮಾವ ಇದ್ದಷ್ಟು ದಿನವೂ ಜಗಲಿಯಲ್ಲಿ ಕೂತು ಇದನ್ನು ಕೇಳಿಸಿಕೊಂಡ, ಒಂದು ಸಲವೂ ತಿದ್ದಲಿಲ್ಲ. ಅವತ್ತು ಪೇಟೆಯಿಂದ ತರಿಸಿಕೊಟ್ಟ ಹೊಸ ಕ್ರಾಸಿನ ದುಡ್ಡನ್ನು ಮಾತ್ರ ದೀಪಾವಳಿಯೊಳಗೆ ಮಗನಿಂದ ಪೂರ್ತಿ ವಸೂಲಿ ಮಾಡಿದ್ದ.